ಲೇಖಕನ ಸಾವಿನ ನಂತರ ಸತ್ಯವೇದವನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಸಾಹಿತ್ಯ ವಿಮರ್ಶೆಯನ್ನು ಬೋಧಿಸುತ್ತೇನೆ. ವಾರವೆಲ್ಲ ತರಗತಿಯಲ್ಲಿ ಪಠ್ಯದ ಅರ್ಥವನ್ನು ಲೇಖಕನ ಆಶಯ ನಿರ್ಧರಿಸದು ಎನ್ನುವ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್‌ನ ‘ಲೇಖಕನ ಸಾವು’, ಪಠ್ಯ ಅಡಗಿಸಿದ್ದನ್ನು ಬಿಡಿಸಿ ತೋರಿಸುವ ಫ್ರೆಂಚ್ ತತ್ತ್ವಜ್ಞ ಡೆರಿಡಾನ ನಿರಚನೆ, ಅರ್ಥವನ್ನು ಕಟ್ಟುವವನು ಓದುಗನೇ ಎಂಬ ವಾದ, ಇವುಗಳನ್ನು ಪಾಠ ಮಾಡುತ್ತೇನೆ. ಭಾನುವಾರ ಚರ್ಚಿನ ಸಭೆಯಲ್ಲಿ ಕುಳಿತು, ಸತ್ಯವೇದದ, ಅಂದರೆ ಬೈಬಲಿನ, ಒಂದು ಭಾಗವನ್ನು ಹಿಡಿದು ‘ಈ ವಚನದಲ್ಲಿ ದೇವರು ನಮಗೆ ಹೇಳುವುದೇನೆಂದರೆ’ ಎಂದು ಆರಂಭವಾಗುವ ಪ್ರಸಂಗವನ್ನು ಕೇಳುತ್ತೇನೆ. ನನ್ನೊಳಗೆ ಪರಸ್ಪರ ಪರಿಚಯವಿಲ್ಲದ ಇಬ್ಬರು ಓದುಗರಿದ್ದಾರೆ ಎಂದು ಅನಿಸುತ್ತದೆ. ಕಳೆದ ತಿಂಗಳು ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಒಬ್ಬ ಯುವಕ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ, ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನ ಹೆಸರಿನಲ್ಲಿರುವ ಎಫೆಸ ಪತ್ರದ ಮಾತನ್ನು ಓದಿ, ‘ಇದನ್ನು ದೇವರ ವಾಕ್ಯವೆಂದು ನಾನು ಹೇಗೆ ಒಪ್ಪಲಿ?’ ಎಂದು ಕೇಳಿದ. ನನ್ನೊಳಗಿನ ಇಬ್ಬರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಒಂದೇ ಅಂತಿಮ ಅರ್ಥವನ್ನು ನಂಬದ ಈ ಆಧುನಿಕೋತ್ತರ ಕಾಲದಲ್ಲಿ ಪಠ್ಯವನ್ನು ಕ್ರೈಸ್ತ ರೀತಿಯಲ್ಲಿ ಓದುವುದು ಸಾಧ್ಯವೆ?

ಉತ್ತರ: ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ, ನನ್ನ ದೃಷ್ಟಿಯಲ್ಲಿ ಅವೆರಡೂ ಒಂದೇ. ಆ ಯುವಕನಿಗೆ ಉತ್ತರ ಕೊಡಲಾಗದ ವ್ಯಾಖ್ಯಾನ ಸಿದ್ಧಾಂತ ಎಷ್ಟು ನಯವಾಗಿದ್ದರೂ ನಿಮ್ಮ ಗೊಂದಲವನ್ನು ಪರಿಹರಿಸಲಾರದು. ಆದ್ದರಿಂದ ಮೊದಲು ಸಿದ್ಧಾಂತದ ಮಾತನ್ನು ಮುಗಿಸಿ, ಕೊನೆಗೆ ಅವನ ಬಳಿಗೇ ಬರುತ್ತೇನೆ.

1967ರಲ್ಲಿ ಪ್ರಕಟವಾದ ಬಾರ್ತ್‌ನ ಪ್ರಬಂಧವನ್ನು ನೀವು ಪಾಠ ಮಾಡುವಾಗ ಅದರಲ್ಲಿರುವ ಒಂದು ಪದವನ್ನು ಖಂಡಿತ ಗಮನಿಸಿರುತ್ತೀರಿ. ಪಠ್ಯವೆಂಬುದು ‘ಲೇಖಕ-ದೇವರು’ ಕಳುಹಿಸಿದ ಒಂದೇ ಒಂದು ಸಂದೇಶವಲ್ಲ ಎನ್ನುವ ಬಾರ್ತ್, ಅರ್ಥವನ್ನು ಒಂದೆಡೆ ನಿಲ್ಲಿಸಲು ನಿರಾಕರಿಸುವುದೆಂದರೆ ಕೊನೆಗೆ ದೇವರನ್ನೇ ನಿರಾಕರಿಸುವುದು ಎಂಬಲ್ಲಿಯವರೆಗೆ ಹೋಗುತ್ತಾನೆ. ಅಂದರೆ ದೇವರ ವಿಷಯವನ್ನು ಈ ಚರ್ಚೆಗೆ ಕ್ರೈಸ್ತರು ಬಲವಂತವಾಗಿ ಎಳೆದು ತಂದಿಲ್ಲ. ಅದು ಮೊದಲಿನಿಂದಲೂ ಅಲ್ಲಿಯೇ ಇದೆ. ಆದರೆ ಬಾರ್ತ್ ಕಲ್ಪಿಸಿಕೊಂಡ ಆ ದೇವರು, ಒಂದು ವಾಕ್ಯಕ್ಕೆ ಒಂದೇ ಅರ್ಥವನ್ನು ಬೀಗ ಹಾಕಿ ಇಟ್ಟ ದೇವರು, ಕ್ರೈಸ್ತ ಪರಂಪರೆಯ ದೇವರೇ ಎಂಬುದನ್ನು ನಾವು ಕೇಳಲೇಬೇಕು.

ಅಲ್ಲ ಎಂಬುದು ನನ್ನ ಉತ್ತರ. ಮಧ್ಯಯುಗದ ಸಭೆ ಒಂದು ವಚನದಲ್ಲಿ ನಾಲ್ಕು ಬಗೆಯ ಅರ್ಥಗಳನ್ನು ಹುಡುಕುತ್ತಿತ್ತು. ಯೆರೂಸಲೇಮ್ ಎಂಬುದು ಅಕ್ಷರಶಃ ಒಂದು ಊರು, ಸಂಕೇತವಾಗಿ ಕ್ರಿಸ್ತನ ಸಭೆ, ನೈತಿಕವಾಗಿ ಮನುಷ್ಯನ ಆತ್ಮ, ಅಂತ್ಯಕಾಲದ ದೃಷ್ಟಿಯಿಂದ ಪರಲೋಕದ ಪಟ್ಟಣ. ಅದಕ್ಕೂ ಹಿಂದೆ, ಆರಂಭಿಕ ಸಭೆಯ ಚಿಂತಕ ಅಗಸ್ಟೀನನು ತನ್ನ ‘ಕನ್ಫೆಷನ್ಸ್’ನ 12ನೆಯ ಪುಸ್ತಕದಲ್ಲಿ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಸಾಲುಗಳನ್ನು ಚರ್ಚಿಸುತ್ತ, ಅದನ್ನು ಬರೆದವನೆಂದು ಪರಂಪರೆ ಹೇಳುವ ಮೋಶೆಯ ಸ್ಥಾನದಲ್ಲಿ ತಾನಿದ್ದಿದ್ದರೆ ಒಂದೇ ಅರ್ಥವನ್ನು ಸ್ಪಷ್ಟವಾಗಿ ಹೇಳಿ ಉಳಿದೆಲ್ಲವನ್ನು ಹೊರಗಿಡುವ ಬದಲು, ಓದುವವರು ಕಾಣಬಲ್ಲ ಸತ್ಯಗಳೆಲ್ಲವೂ ತನ್ನ ಮಾತುಗಳಲ್ಲಿ ಮಾರ್ದನಿಸುವಂತೆ ಬರೆಯಲು ಬಯಸುತ್ತಿದ್ದೆ ಎನ್ನುತ್ತಾನೆ. ಒಂದು ಪಠ್ಯಕ್ಕೆ ಒಂದೇ ಅರ್ಥ, ಅದನ್ನು ಕಾಣಲು ಬೇಕಾದದ್ದು ಸರಿಯಾದ ವಿಧಾನ ಮಾತ್ರ ಎಂಬ ಹಟ ಬಹುಮಟ್ಟಿಗೆ ಆಧುನಿಕ ಯುಗದ್ದು. ಸತ್ಯವೇದವನ್ನು ಬೇರೆ ಯಾವುದೇ ಪುಸ್ತಕದಂತೆ ವ್ಯಾಖ್ಯಾನಿಸಬೇಕು ಎಂದು ಆಕ್ಸ್‌ಫರ್ಡಿನ ಬೆಂಜಮಿನ್ ಜೊವೆಟ್ 1860ರಲ್ಲಿ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು, ಶತಮಾನಗಳ ವ್ಯಾಖ್ಯಾನವನ್ನೆಲ್ಲ ಸರಿಸಿ ಮೂಲ ಲೇಖಕನ ಮನಸ್ಸನ್ನು ನೇರವಾಗಿ ಮುಟ್ಟಬಲ್ಲ ವಿದ್ವಾಂಸ. ಆಧುನಿಕೋತ್ತರರು ಕೆಡವಿದ್ದು ಮುಖ್ಯವಾಗಿ ಈ ವಿದ್ವಾಂಸನ ಮೂರ್ತಿಯನ್ನು. ಅದು ಬಿದ್ದದ್ದಕ್ಕೆ ಕ್ರೈಸ್ತರು ದುಃಖಪಡಬೇಕಾಗಿಲ್ಲ.

‘ಪಠ್ಯದ ಹೊರಗೆ ಏನೂ ಇಲ್ಲ’ ಎಂಬ ಡೆರಿಡಾನ 1967ರ ಮಾತನ್ನು ನಮ್ಮ ಅನೇಕ ಬೋಧಕರು, ಪುಸ್ತಕದ ಆಚೆಗೆ ಲೋಕವೇ ಇಲ್ಲವೆಂಬ ಹುಚ್ಚು ಘೋಷಣೆಯೆಂದು ತಿಳಿದು ಹೆದರಿದ್ದಾರೆ. ಸಂದರ್ಭದಿಂದ ಹೊರಗೆ ನಿಂತ ಅರ್ಥವಿಲ್ಲ ಎಂಬುದು ಅದರ ತಾತ್ಪರ್ಯವೆಂದು ಡೆರಿಡಾನೇ ಮುಂದೆ ಸ್ಪಷ್ಟಪಡಿಸಿದ್ದಾನೆ. ಅಮೆರಿಕದ ಕ್ರೈಸ್ತ ತತ್ತ್ವಜ್ಞ ಜೇಮ್ಸ್ ಕೆ. ಎ. ಸ್ಮಿತ್ 2006ರ ಪುಸ್ತಕವೊಂದರಲ್ಲಿ ಈ ಮಾತನ್ನು ಶಿಲುಬೆಯ ಬಳಿಗೆ ಒಯ್ಯುತ್ತಾರೆ. ಅದೇ ಗುಡ್ಡ, ಅದೇ ಮಧ್ಯಾಹ್ನ, ಅದೇ ಸಾವು; ಸುತ್ತ ನಿಂತ ಹಲವರಿಗೆ ಕಂಡದ್ದು ಸೋತುಹೋದ ಒಬ್ಬ ಮನುಷ್ಯ, ರೋಮಿನ ಶತಾಧಿಪತಿಗೆ ಕಂಡದ್ದು ದೇವಕುಮಾರ. ನೋಡುವುದೆಂದರೆ ಆಗಲೇ ಅರ್ಥೈಸುವುದು. ನಂಬಿಕೆಯಿಂದ ಓದುವವನು ಪಕ್ಷಪಾತಿ, ನಂಬದೆ ಓದುವವನು ನಿಷ್ಪಕ್ಷಪಾತಿ ಎಂಬ ಹಳೆಯ ತಕ್ಕಡಿಯನ್ನು ಈ ಅರಿವು ಮುರಿಯುತ್ತದೆ.

ಜರ್ಮನ್ ತತ್ತ್ವಜ್ಞ ಗಾಡಮರ್ 1960ರಲ್ಲಿ ‘ಪೂರ್ವಗ್ರಹ’ ಎಂಬ ಪದಕ್ಕೆ ಅಂಟಿದ ಕಳಂಕವನ್ನು ತೊಳೆಯಲು ಯತ್ನಿಸಿದ್ದೂ ಇದೇ ಕಾರಣಕ್ಕೆ. ಕನ್ನಡದಲ್ಲಿ ಇದಕ್ಕೆ ಬಹಳ ಹತ್ತಿರದ ನಿದರ್ಶನವಿದೆ. ಯೋಹಾನನ ಸುವಾರ್ತೆಯ ಮೊದಲ ಮಾತು ನಮ್ಮ ಸತ್ಯವೇದದಲ್ಲಿ ‘ಆದಿಯಲ್ಲಿ ವಾಕ್ಯವಿತ್ತು’ ಎಂದಿದೆ. ಸಭೆಯಲ್ಲಿ ಬೆಳೆದವರಿಗೆ ವಾಕ್ಯವೆಂದರೆ ದೇವರ ಮಾತು. ಶಾಲೆಯ ವ್ಯಾಕರಣವನ್ನಷ್ಟೇ ಬಲ್ಲ ಹುಡುಗನಿಗೆ ಕರ್ತೃ, ಕರ್ಮ, ಕ್ರಿಯಾಪದ ಕೂಡಿದ ಪದಗಳ ಗುಂಪು. ವೇದಾಂತ ಓದಿದ ಹಿರಿಯರಿಗೆ ಉಪನಿಷತ್ತಿನ ಮಹಾವಾಕ್ಯದ ನೆನಪು. ಇಲ್ಲಿ ಮೂಲದಲ್ಲಿರುವ ಗ್ರೀಕಿನ ಲೋಗೋಸ್ ಎಂಬ ಪದ ಮಾತನ್ನೂ ತರ್ಕವನ್ನೂ ಒಟ್ಟಿಗೆ ಸೂಚಿಸುತ್ತದೆ, ಅದರ ಹಿಂದೆ ಆದಿಕಾಂಡದ ‘ದೇವರು ಅಂದನು’ ಎಂಬ ಧ್ವನಿಯೂ ಇದೆ. ಆ ಮೂವರೂ ಲೋಗೋಸ್‌ನ ಬಳಿಗೆ ಬರುವುದು ತಮ್ಮ ತಮ್ಮ ಬಾಗಿಲಿನಿಂದಲೇ. ಹಾಗೆಂದು ಮೂವರೂ ಬಾಗಿಲಲ್ಲೇ ನಿಲ್ಲಬೇಕಾಗಿಲ್ಲ. ಮುಂದಿನ ಹದಿಮೂರು ವಚನಗಳನ್ನು ಓದಿ ‘ವಾಕ್ಯವು ಶರೀರಧಾರಿಯಾಯಿತು’ ಎಂಬಲ್ಲಿಗೆ ಬಂದಾಗ ಮೂವರ ಎಣಿಕೆಯೂ ಒಂದಿಷ್ಟು ಅಲುಗಾಡುತ್ತದೆ. ಪಠ್ಯ ಓದುಗನನ್ನು ತಿದ್ದುವುದೆಂದರೆ ಇದೇ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಲೇಖಕನಿಲ್ಲದ ಪಠ್ಯ ಎಂಬ ಕಲ್ಪನೆ ಪ್ಯಾರಿಸ್ಸಿನವರಿಗೆ ಹೊಸದಾಗಿರಬಹುದು, ನಮಗಲ್ಲ. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರಿಗೆ ವೇದ ಅಪೌರುಷೇಯ, ಅಂದರೆ ಯಾರೂ ರಚಿಸದ್ದು. ಆದರೂ ಅದರ ಅರ್ಥ ಓದುಗನ ಇಚ್ಛೆಗೆ ಬಿಟ್ಟದ್ದೆಂದು ಅವರು ಹೇಳಲಿಲ್ಲ. ಉಪಕ್ರಮ (ಆರಂಭ), ಉಪಸಂಹಾರ (ಮುಕ್ತಾಯ), ಅಭ್ಯಾಸ (ಪುನರುಕ್ತಿ) ಮುಂತಾದ ಲಿಂಗಗಳಿಂದ, ಅಂದರೆ ಸೂಚನೆಗಳಿಂದ, ತಾತ್ಪರ್ಯವನ್ನು ನಿರ್ಣಯಿಸುವ ಶಿಸ್ತು ನಮ್ಮಲ್ಲಿ ಬೆಳೆಯಿತು. ಶಂಕರರು ‘ತತ್ತ್ವಮಸಿ’ (ಅದು ನೀನೇ ಆಗಿದ್ದೀಯೆ) ಎಂದು ಓದಿದಲ್ಲಿ ಮಧ್ವಾಚಾರ್ಯರು ಸಂಧಿಯನ್ನು ಬೇರೆ ರೀತಿಯಲ್ಲಿ ಬಿಡಿಸಿ ‘ಅತತ್ ತ್ವಮಸಿ’ (ನೀನು ಅದಲ್ಲ) ಎಂದು ಓದಿದರು. ವಿವಾದ ಇಂದಿಗೂ ಮುಗಿದಿಲ್ಲ, ಆದರೆ ಎರಡೂ ಕಡೆಯವರು ಅಕ್ಷರಗಳಿಗೆ ಉತ್ತರದಾಯಿಗಳಾಗಿಯೇ ವಾದಿಸಿದರು. ಅರ್ಥ ಹಲವು ಇರಬಹುದು ಎಂಬುದಕ್ಕೂ ಯಾವ ಅರ್ಥವನ್ನಾದರೂ ಹೇಳಬಹುದು ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ವಿದ್ಯಾರ್ಥಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಬಾರ್ತ್‌ಗೆ ಕ್ರೈಸ್ತ ಚಿಂತಕರು ಕೊಟ್ಟ ಉತ್ತರಗಳಲ್ಲಿ ಗಂಭೀರವಾದವು ಎರಡು. ಒಂದು, ಭಾಷೆಯನ್ನು ಕ್ರಿಯೆಯೆಂದು ನೋಡುವ ಮಾರ್ಗ. ಮಾತೆಂದರೆ ಮಾಹಿತಿಯನ್ನು ಸಾಗಿಸುವ ಕೊಳವೆಯಷ್ಟೇ ಅಲ್ಲ, ಆಣೆಯಿಡುವುದು, ಕ್ಷಮೆ ಕೇಳುವುದು, ಎಚ್ಚರಿಸುವುದು ಇವೆಲ್ಲ ಮಾತಿನಿಂದ ನಡೆಯುವ ಕೆಲಸಗಳು ಎಂಬ ಇಂಗ್ಲಿಷ್ ತತ್ತ್ವಜ್ಞ ಜೆ. ಎಲ್. ಆಸ್ಟಿನ್‌ರ ವಿಚಾರವನ್ನು ತೆಗೆದುಕೊಂಡು, ನಿಕೊಲಸ್ ವೋಲ್ಟರ್‌ಸ್ಟಾರ್ಫ್ 1995ರಲ್ಲಿ ದೇವರು ಮಾತಾಡುತ್ತಾನೆ ಎಂಬುದರ ಅರ್ಥವನ್ನು ಪರಿಶೀಲಿಸಿದರು. ಕೆವಿನ್ ವಾನ್‌ಹೂಜರ್ 1998ರಲ್ಲಿ ಅದನ್ನು ವ್ಯಾಖ್ಯಾನದ ನೀತಿಶಾಸ್ತ್ರವಾಗಿ ಬೆಳೆಸಿದರು. ಒಬ್ಬಳು ತಾಯಿ ಸಾಯುವ ಮುನ್ನ ಮಗನಿಗೆ ‘ತಂಗಿಯನ್ನು ಕೈಬಿಡಬೇಡ’ ಎಂದು ಚೀಟಿ ಬರೆದಿಟ್ಟರೆ, ಲೇಖಕಿ ತೀರಿಕೊಂಡಿದ್ದಾಳೆ, ಅರ್ಥ ಇನ್ನು ನನ್ನದು ಎಂದು ಮಗ ಹೇಳಿದರೆ ಅದನ್ನು ನಾವು ಸೃಜನಶೀಲ ಓದು ಎನ್ನುವುದಿಲ್ಲ, ದ್ರೋಹ ಎನ್ನುತ್ತೇವೆ. ಪಠ್ಯದ ಹಿಂದೆ ಒಬ್ಬ ಇತರ ವ್ಯಕ್ತಿಯಿದ್ದಾನೆ, ಅವನನ್ನು ಕೇಳಿಸಿಕೊಳ್ಳುವುದು ನೆರೆಯವನನ್ನು ಪ್ರೀತಿಸುವುದರ ಒಂದು ರೂಪ ಎಂಬ ಈ ನಿಲುವು ನನಗೆ ಸರಿಯೆನಿಸುತ್ತದೆ. ಆದರೆ ಆ ಯುವಕನ ಪ್ರಶ್ನೆಗೆ ಇದೊಂದೇ ಸಾಲದು, ಏಕೆಂದರೆ ಅವನ ತಕರಾರು ಲೇಖಕನ ಆಶಯ ತಿಳಿಯದೆಂಬುದಲ್ಲ. ಅದು ತಿಳಿಯುತ್ತದೆ, ತಿಳಿದದ್ದರಿಂದಲೇ ನೋವಾಗುತ್ತದೆ ಎಂಬುದು.

ಎರಡನೆಯದು ಸಮುದಾಯವನ್ನು ನೆಚ್ಚುವ ಮಾರ್ಗ. ಸತ್ಯವೇದದ ಕಥನದೊಳಗೆ ಲೋಕವನ್ನು ಇರಿಸಿ ಓದುವ ರೂಢಿ ಆಧುನಿಕ ಕಾಲದಲ್ಲಿ ತಲೆಕೆಳಗಾಯಿತು ಎಂದು ಹ್ಯಾನ್ಸ್ ಫ್ರೈ 1974ರಲ್ಲಿ ತೋರಿಸಿದರು. ಧರ್ಮಸಿದ್ಧಾಂತವೆಂಬುದು ಒಂದು ಸಮುದಾಯದ ಭಾಷೆಯ ವ್ಯಾಕರಣದಂತೆ ಎಂದು ಜಾರ್ಜ್ ಲಿಂಡ್‌ಬೆಕ್ 1984ರಲ್ಲಿ ವಾದಿಸಿದರು. ಭಾಷೆಯನ್ನು ಮಾತಾಡುವವರ ನಡುವೆ ಬಾಳಿಯೇ ಕಲಿಯುವಂತೆ, ಸತ್ಯವೇದವನ್ನು ಅದನ್ನು ಪ್ರಾರ್ಥಿಸುವ, ಹಾಡುವ, ರೊಟ್ಟಿ ಮುರಿಯುವ ಜನರ ನಡುವೆ ಓದಲು ಕಲಿಯುತ್ತೇವೆ. ಇದರಲ್ಲಿ ಬಹಳ ಸತ್ಯವಿದೆ. ಆದರೆ ಅರ್ಥವನ್ನು ವ್ಯಾಖ್ಯಾನಕಾರರ ಸಮುದಾಯವೇ ಉಂಟುಮಾಡುತ್ತದೆ ಎಂದು ಸಾಹಿತ್ಯ ವಿಮರ್ಶಕ ಸ್ಟ್ಯಾನ್ಲಿ ಫಿಶ್ 1980ರಲ್ಲಿ ಹೇಳಿದ್ದನ್ನು ಇದರ ಜೊತೆಗೆ ಪೂರ್ತಿಯಾಗಿ ಒಪ್ಪಿಬಿಟ್ಟರೆ ಒಂದು ಅಪಾಯವಿದೆ. ಸಮುದಾಯವೇ ತಪ್ಪಿದಾಗ ಅದನ್ನು ತಿದ್ದುವವರು ಯಾರು?

ಈ ಪ್ರಶ್ನೆಗೆ ನಾನು ಸಿದ್ಧಾಂತದಿಂದ ಉತ್ತರಿಸುವುದಿಲ್ಲ, ಒಂದು ಪುಸ್ತಕವನ್ನು ನಿಮ್ಮ ಮುಂದಿಡುತ್ತೇನೆ. 1807ರಲ್ಲಿ, ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ವರ್ಷವೇ, ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೊ ಗುಲಾಮರ ಉಪಯೋಗಕ್ಕಾಗಿ ಪವಿತ್ರ ಬೈಬಲಿನ ಆಯ್ದ ಭಾಗಗಳು ಎಂಬರ್ಥದ ಶೀರ್ಷಿಕೆಯ ಗ್ರಂಥವೊಂದು ಲಂಡನ್ನಿನಲ್ಲಿ ಅಚ್ಚಾಯಿತು. ಪ್ರಾಟೆಸ್ಟಂಟರ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ಇದರಲ್ಲಿದ್ದವು 232. ಯೋಸೇಫನು ದಾಸನಾಗಿ ಮಾರಾಟವಾದ ಕಥೆ ಇದೆ, ಇಸ್ರಾಯೇಲ್ಯರು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದ ಕಥೆ ಇಲ್ಲ. ಎಫೆಸ ಪತ್ರದ ವಿಧೇಯತೆಯ ಮಾತು ಇದೆ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎನ್ನುವ ಗಲಾತ್ಯ ಪತ್ರದ 3ನೆಯ ಅಧ್ಯಾಯದ 28ನೆಯ ವಚನ ಇಲ್ಲ. ಪ್ರಕಟನೆಯ ಗ್ರಂಥ ಪೂರ್ತಿಯಾಗಿಯೇ ಇಲ್ಲ. ಸಂಕಲಿಸಿದವರ ಮನಸ್ಸಿನ ಒಳಗನ್ನು ನಾನು ಬಲ್ಲೆನೆಂದು ಹೇಳಲಾರೆ. ಕತ್ತರಿ ಆಡಿದ ಜಾಗಗಳು ಮಾತ್ರ ಎಲ್ಲರಿಗೂ ಕಾಣುತ್ತವೆ.

ಈ ಪುಸ್ತಕವನ್ನು ಎದುರಿಗಿಟ್ಟುಕೊಂಡು ನಿಮ್ಮ ತರಗತಿಯ ಸಿದ್ಧಾಂತವನ್ನೂ ಭಾನುವಾರದ ಪ್ರಸಂಗವನ್ನೂ ಪರೀಕ್ಷಿಸಿ. ಆಧುನಿಕೋತ್ತರರು ಹೇಳಿದ್ದು ನಿಜ: ವ್ಯಾಖ್ಯಾನದಲ್ಲಿ ಅಧಿಕಾರ ಕೆಲಸ ಮಾಡುತ್ತದೆ, ದೇವರ ಹೆಸರಿನಲ್ಲಿಯೂ ಮಾಡುತ್ತದೆ, ಮತ್ತು ಭಕ್ತಿಯಿಂದ ಓದುತ್ತಿದ್ದೇನೆ ಎಂಬ ಭಾವನೆ ಅದಕ್ಕೆ ರಕ್ಷಾಕವಚವಾಗಲಾರದು. ಆದರೆ ಇದೇ ಪುಸ್ತಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ, ಮತ್ತು ನನ್ನ ಉತ್ತರವೆಲ್ಲ ಅದರ ಮೇಲೆ ನಿಂತಿದೆ. ಅರ್ಥವನ್ನು ಸಮುದಾಯವೇ ಸೃಷ್ಟಿಸುವುದಾದರೆ ಕತ್ತರಿ ಏಕೆ ಬೇಕಾಯಿತು? ಯಜಮಾನರ ಸಮುದಾಯ ಆ ಬಿಡುಗಡೆಯ ಕಥೆಯಿರುವ ವಿಮೋಚನಕಾಂಡವನ್ನು ಪೂರ್ತಿಯಾಗಿ ಅಚ್ಚುಹಾಕಿಸಿ, ತನಗೆ ಬೇಕಾದ ಅರ್ಥವನ್ನು ಬೋಧಿಸಿಬಿಡಬಹುದಿತ್ತು. ಗುಲಾಮರದ್ದು ಬೇರೊಂದು ಸಮುದಾಯ, ಅವರು ಅದರಲ್ಲಿ ಬೇರೊಂದು ಪಠ್ಯವನ್ನೇ ಕಟ್ಟಿಕೊಳ್ಳುತ್ತಿದ್ದರು ಎಂದು ಫಿಶ್ ವಾದಿಸಬಹುದು. ಹಾಗಾದರೆ ಉಳಿಸಿದ ಪುಟಗಳಲ್ಲಿಯೂ ಅದನ್ನೇ ಕಟ್ಟಿಕೊಳ್ಳಬಹುದಲ್ಲವೆ? ಆ ಪುಟಗಳನ್ನೇ ತೆಗೆದಿರುವುದು ನೋಡಿದರೆ, ಐಗುಪ್ತದ ಅರಸ ಫರೋಹನ ಕೈಯಿಂದ ಬಿಡಿಸಿಕೊಂಡು ಬಂದ ಜನರ ಕಥೆ ಯಾರ ಅಪ್ಪಣೆಯನ್ನೂ ಕೇಳದೆ ಓದುಗನ ಬಳಿಗೆ ನಡೆದು ಬರಬಲ್ಲದು ಎಂಬುದನ್ನು ಕತ್ತರಿ ಹಿಡಿದ ಕೈ ತಿಳಿದಿತ್ತು ಎಂದೇ ನನಗೆ ತೋರುತ್ತದೆ. ತನ್ನನ್ನು ಇಟ್ಟುಕೊಂಡವರಿಗೇ ಎದುರಾಡುವ ಶಕ್ತಿ ಪಠ್ಯಕ್ಕಿದೆ.

ಇನ್ನೊಬ್ಬ ಓದುಗಳನ್ನು ನಿಮಗೆ ಪರಿಚಯಿಸಬೇಕು. ಆದರೆ ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಅಮೆರಿಕದ ಕಪ್ಪು ಜನಾಂಗದ ದೇವತಾಶಾಸ್ತ್ರಜ್ಞ ಹಾವರ್ಡ್ ಥರ್ಮನ್ 1949ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅಜ್ಜಿ ನ್ಯಾನ್ಸಿ ಆಂಬ್ರೋಸ್ ಅವರನ್ನು ನೆನೆಯುತ್ತಾರೆ. ಆಕೆ ಗುಲಾಮಳಾಗಿ ಹುಟ್ಟಿದವರು. ಬಾಲಕ ಥರ್ಮನ್ ಆಕೆಗೆ ಬೈಬಲ್ ಓದಿ ಹೇಳಬೇಕಾಗಿತ್ತು. ಕೀರ್ತನೆಗಳು, ಯೆಶಾಯ, ಸುವಾರ್ತೆಗಳು ಎಲ್ಲವೂ ಆಗುತ್ತಿತ್ತು, ಪೌಲನ ಪತ್ರಗಳು ಮಾತ್ರ ಬೇಡ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಪ್ರೀತಿಯ ಅಧ್ಯಾಯವೊಂದನ್ನು ಬಿಟ್ಟು. ವರ್ಷಗಳ ನಂತರ ಮೊಮ್ಮಗ ಕಾರಣ ಕೇಳಿದಾಗ ಆಕೆ ಹೇಳಿದರು: ಯಜಮಾನನು ಕರೆಸುತ್ತಿದ್ದ ಬಿಳಿಯ ಬೋಧಕ ಪ್ರತಿ ಸಲವೂ ಪೌಲನ ಯಾವುದಾದರೂ ಮಾತನ್ನೇ, ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಆ ವಿಧೇಯತೆಯ ಮಾತನ್ನು, ಎತ್ತಿಕೊಂಡು, ದಾಸರಾಗಿರುವುದು ದೇವರ ಚಿತ್ತವೆಂದು ಬೋಧಿಸುತ್ತಿದ್ದ, ಎಂದಾದರೂ ಸ್ವತಂತ್ರಳಾದರೆ ಆ ಭಾಗವನ್ನು ಓದಲಾರೆನೆಂದು ದೇವರಿಗೆ ಮಾತು ಕೊಟ್ಟಿದ್ದೆ. ಆಕೆಯೂ ಒಂದು ರೀತಿಯಲ್ಲಿ ಗ್ರಂಥವನ್ನು ಆಯ್ದುಕೊಂಡವರೇ. ಆದರೆ ಲಂಡನ್ನಿನ ಕತ್ತರಿ ಬೇರೆಯವರ ಕಿವಿಗೆ ಬಿಡುಗಡೆಯ ಮಾತು ಬೀಳದಂತೆ ಮಾಡಿತು. ಆಕೆ ದೂರವಿಟ್ಟದ್ದು ತನ್ನ ಬೆನ್ನಿನ ಮೇಲೆ ಬಳಸಲಾದ ಮಾತನ್ನು. ಮತ್ತು ಆಕೆ ಪುಸ್ತಕವನ್ನು ಮುಚ್ಚಲಿಲ್ಲ, ವಾರಕ್ಕೆ ಎರಡು ಮೂರು ಸಲ ಓದಿಸಿಕೊಂಡರು. ನಮ್ಮ ಚರ್ಚೆಗೆ ಇದು ಬಹಳ ಮುಖ್ಯ.

ಪಾಲ್ ರಿಕರ್ ಎಂಬ ಫ್ರೆಂಚ್ ತತ್ತ್ವಜ್ಞ, ತಾನೂ ಪ್ರಾಟೆಸ್ಟಂಟ್ ವಿಶ್ವಾಸಿ, ಮಾರ್ಕ್ಸ್, ನೀಚೆ, ಫ್ರಾಯ್ಡ್ ಮೂವರನ್ನೂ ಸಂಶಯದ ಗುರುಗಳೆಂದು ಕರೆದು ಗೌರವದಿಂದಲೇ ಓದಿದ. ಸಂಶಯ ನಮ್ಮೊಳಗಿನ ವಿಗ್ರಹಗಳನ್ನು ಒಡೆಯುತ್ತದೆ, ಒಡೆಯಬೇಕು. ಆದರೆ ವಿಮರ್ಶೆಯ ಮರುಭೂಮಿಯ ಆಚೆಗೆ ಮತ್ತೊಮ್ಮೆ ಕರೆಯಲ್ಪಡಬೇಕೆಂಬ ಹಂಬಲ ನಮಗಿದೆ ಎಂದು ಅವನು ಬರೆದ. ಆ ಮರುಭೂಮಿಯನ್ನು ದಾಟಿದವನ ಕೇಳಿಸಿಕೊಳ್ಳುವಿಕೆಗೆ ಅವನಿಟ್ಟ ಹೆಸರು ಎರಡನೆಯ ಮುಗ್ಧತೆ. ರಿಕರ್ ಗ್ರಂಥಗಳ ರಾಶಿಯ ಮಧ್ಯದಿಂದ ಹೇಳಿದ್ದನ್ನು ನ್ಯಾನ್ಸಿ ಆಂಬ್ರೋಸ್ ಅಕ್ಷರ ಬಾರದೆಯೇ ಬದುಕಿ ತೋರಿಸಿದ್ದರು ಎಂದು ನಾನು ನಂಬುತ್ತೇನೆ. ನಿಮ್ಮೊಳಗಿನ ಇಬ್ಬರು ಓದುಗರು ಆಕೆಯ ಬಳಿ ಒಟ್ಟಿಗೆ ಕೂರಬಹುದು.

ಹಾಗಾದರೆ ಓದು ಸರಿಯಾಗಿದೆಯೇ ಎಂದು ತಿಳಿಯಲು ಅಳತೆಗೋಲು ಯಾವುದು? ಅಗಸ್ಟೀನನು ಸುಮಾರು 396ರಲ್ಲಿ ಆರಂಭಿಸಿ ತನ್ನ ಮುಪ್ಪಿನಲ್ಲಿ ಮುಗಿಸಿದ ‘ಕ್ರೈಸ್ತ ಬೋಧನೆ’ ಎಂಬ ಗ್ರಂಥದಲ್ಲಿ ಕೊಟ್ಟ ಸೂತ್ರವೇ ನನಗೆ ಇಂದಿಗೂ ಆಧಾರ: ದೇವರ ಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಕಟ್ಟದ ವ್ಯಾಖ್ಯಾನ ಮಾಡಿದವನು ಗ್ರಂಥವನ್ನು ಇನ್ನೂ ಅರ್ಥಮಾಡಿಕೊಂಡಿಲ್ಲ. ಇದನ್ನು ಕೇಳಿದ ಕೂಡಲೇ, ಪ್ರೀತಿಯಿದ್ದರೆ ಸಾಕು, ಪಠ್ಯದಲ್ಲಿ ಏನಿದ್ದರೇನು ಎಂದು ಅನಿಸಬಹುದು. ಅಗಸ್ಟೀನನು ಆ ಸಡಿಲತೆಗೆ ಅವಕಾಶ ಕೊಡುವುದಿಲ್ಲ. ಪ್ರೀತಿಯನ್ನು ಕಟ್ಟುವ, ಆದರೆ ಲೇಖಕನ ಆಶಯವನ್ನು ತಪ್ಪಿದ ಓದುಗನನ್ನು ಅವನು ದಾರಿ ಬಿಟ್ಟು ಹೊಲದಲ್ಲಿ ಹಾದು, ದಾರಿ ಸೇರುವ ಊರನ್ನೇ ಸೇರಿದ ಪ್ರಯಾಣಿಕನಿಗೆ ಹೋಲಿಸುತ್ತಾನೆ. ಊರು ಸೇರಿದ್ದಕ್ಕೆ ಅವನನ್ನು ಹಳಿಯಬೇಕಾಗಿಲ್ಲ; ಆದರೂ ದಾರಿಯನ್ನು ತೋರಿಸಿಕೊಡಬೇಕು, ಏಕೆಂದರೆ ಅಡ್ಡಹಾದಿ ಹಿಡಿಯುವುದೇ ಅಭ್ಯಾಸವಾದರೆ ಒಂದು ದಿನ ಅದು ಅವನನ್ನು ಬೇರೆಲ್ಲಿಗೋ ಒಯ್ಯುತ್ತದೆ. ಆದ್ದರಿಂದ ವ್ಯಾಕರಣ, ಇತಿಹಾಸ, ಮೂಲಭಾಷೆಗಳ ಅಧ್ಯಯನವನ್ನು ಕೈಬಿಡುವಂತಿಲ್ಲ. ಪ್ರೀತಿ ಸೇರಬೇಕಾದ ಊರು, ಪಾಂಡಿತ್ಯ ದಾರಿ.

ಈ ಸೂತ್ರ ನಿಮ್ಮ ಸಾಹಿತ್ಯದ ತರಗತಿಗೂ ಅನ್ವಯಿಸುತ್ತದೆ, ಅಲ್ಲಿ ದೇವರ ಹೆಸರೆತ್ತುವ ಅಗತ್ಯವೂ ಇಲ್ಲ. ಕ್ರೈಸ್ತಳಾಗಿ ಕಾದಂಬರಿ ಓದುವುದೆಂದರೆ ಅದರಲ್ಲಿ ಕ್ರಿಸ್ತನ ಸಂಕೇತಗಳನ್ನು ಹೆಕ್ಕುವುದಲ್ಲ. ಲೇಖಕಿ ತಾನು ಹೇಳಬೇಕಾದದ್ದನ್ನು ಹೇಳಿ ಮುಗಿಸುವವರೆಗೆ ಅವಳ ಮಾತಿಗೆ ಅಡ್ಡಬಾರದೆ ಕೇಳುವುದು, ಆಮೇಲೆ ಅವಳು ಯಾರ ದನಿಯನ್ನು ಅಡಗಿಸಿದ್ದಾಳೆಂದು ನಿರ್ದಾಕ್ಷಿಣ್ಯವಾಗಿ ಕೇಳುವುದು. ನಿರಚನೆ ಎರಡನೆಯದನ್ನು ಚೆನ್ನಾಗಿ ಕಲಿಸುತ್ತದೆ. ಮೊದಲನೆಯದನ್ನು ನೀವೇ ಕಲಿಸಬೇಕಾಗುತ್ತದೆ.

ಈಗ ಆ ಯುವಕನ ಬಳಿಗೆ. ಅವನಿಗೆ ಸಮಾಧಾನದ ಮಾತು ಹೇಳಲು ಆತುರಪಡಬೇಡಿ. ‘ಆ ಕಾಲದ ದಾಸತ್ವ ಅಷ್ಟೇನೂ ಕ್ರೂರವಾಗಿರಲಿಲ್ಲ’ ಎಂದು ಕೆಲವು ಪ್ರಸಂಗಗಳಲ್ಲಿ ಕೇಳುತ್ತೇವೆ. ರೋಮ್ ಸಾಮ್ರಾಜ್ಯದಲ್ಲಿ ದಾಸನು ಕೊಂಡುಕೊಂಡ ಆಸ್ತಿಯಾಗಿದ್ದ, ಅವನ ದೇಹದ ಮೇಲೂ ಅವನಿಗೆ ಹಕ್ಕಿರಲಿಲ್ಲ. ನಮ್ಮ ಭಾಷೆಯೂ ಇಲ್ಲಿ ನಮ್ಮನ್ನು ಸ್ವಲ್ಪ ಮೋಸಗೊಳಿಸುತ್ತದೆ. ಪುರಂದರದಾಸರನ್ನೂ ಕನಕದಾಸರನ್ನೂ ಕೊಟ್ಟ ಕನ್ನಡದಲ್ಲಿ ‘ದಾಸ’ ಎಂಬ ಪದಕ್ಕೆ ಭಕ್ತಿಯ ಪರಿಮಳವಿದೆ. ಗ್ರೀಕಿನ ದೂಲೊಸ್ ಎಂಬ ಪದ ಕೇಳಿದವನ ಮೂಗಿಗೆ ಬಡಿಯುತ್ತಿದ್ದದ್ದು ಸಂತೆಯಲ್ಲಿ ಮನುಷ್ಯರನ್ನು ಮಾರುವ ಕಟ್ಟೆಯ ವಾಸನೆ. ಕೂಟದಲ್ಲಿ ಆ ವಚನವನ್ನು ಒಮ್ಮೆ ‘ಜೀತದಾಳು’ ಎಂಬ ಪದವಿಟ್ಟು ಗಟ್ಟಿಯಾಗಿ ಓದಿಸಿ. 1976ರ ಕಾಯ್ದೆ ಜೀತವನ್ನು ರದ್ದುಮಾಡುವ ಮುಂಚೆ ಅದನ್ನು ಕಂಡ ಅಥವಾ ಅನುಭವಿಸಿದ ಮನೆತನದವರು ನಿಮ್ಮ ಕೂಟದಲ್ಲೇ ಇರಬಹುದು. ಅವರು ಆ ವಚನವನ್ನು ಹೇಗೆ ಕೇಳುತ್ತಾರೆಂಬುದನ್ನು ನೀವು ಮೊದಲು ಕೇಳಬೇಕು. ಅನಂತರ ಆ ವಚನವಿರುವ ಎಫೆಸ ಪತ್ರದ 6ನೆಯ ಅಧ್ಯಾಯದ 9ನೆಯ ವಚನಕ್ಕೆ ಬನ್ನಿ. ಅಲ್ಲಿ ಪತ್ರ ಯಜಮಾನರ ಕಡೆಗೆ ತಿರುಗಿ, ಬೆದರಿಸುವುದನ್ನು ಬಿಡಿರಿ, ನಿಮ್ಮಿಬ್ಬರ ಯಜಮಾನನೂ ಪರಲೋಕದಲ್ಲಿದ್ದಾನೆ, ಅವನಲ್ಲಿ ಪಕ್ಷಪಾತವಿಲ್ಲ ಎನ್ನುತ್ತದೆ. ಇಷ್ಟರಿಂದ ದಾಸತ್ವ ರದ್ದಾಗುವುದಿಲ್ಲ. ಆಗುತ್ತದೆಂದು ಹೇಳಿ ಯುವಕನನ್ನು ನಂಬಿಸಲು ಹೋಗುವುದು ಪ್ರಾಮಾಣಿಕತೆಯಲ್ಲ.

ಮುಂದಿನ ವಾರ ಫಿಲೆಮೋನನಿಗೆ ಬರೆದ ಪತ್ರವನ್ನು ತೆಗೆದುಕೊಳ್ಳಿ. ಇಪ್ಪತ್ತೈದೇ ವಚನಗಳು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಸೆರೆಯಲ್ಲಿರುವ ಪೌಲನು ಒನೇಸಿಮನೆಂಬ ದಾಸನನ್ನು ಅವನ ಯಜಮಾನನಾದ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸುತ್ತ, ಅವನನ್ನು ಇನ್ನು ದಾಸನಂತಲ್ಲ, ದಾಸನಿಗಿಂತ ಮೇಲಾಗಿ ಪ್ರಿಯ ಸಹೋದರನಂತೆ ಸೇರಿಸಿಕೋ, ನನ್ನನ್ನೇ ಸೇರಿಸಿಕೊಳ್ಳುವಂತೆ ಸೇರಿಸಿಕೋ ಎಂದು ಬರೆಯುತ್ತಾನೆ. ಬಾರ್ತ್‌ನನ್ನು ಓದಿದ ನೀವು ಇದನ್ನು ಮೂರು ಸಲ, ಮೂರು ಜನರ ಕಿವಿಯಿಂದ ಕೇಳುವಂತೆ ಕೂಟಕ್ಕೆ ಹೇಳಿಕೊಡಬಲ್ಲಿರಿ: ಕೋಳ ತೊಟ್ಟ ಕೈಯ ಪೌಲ, ಎಲ್ಲರೆದುರು ಓದಿಸಿಕೊಳ್ಳುತ್ತಿರುವ ಫಿಲೆಮೋನ, ಮತ್ತು ತನ್ನ ಬದುಕನ್ನು ನಿರ್ಧರಿಸುವ ಆ ಹಾಳೆಯ ಪಕ್ಕದಲ್ಲಿ ನಿಂತಿರುವ ಒನೇಸಿಮ. ಮೂರನೆಯವನ ಜಾಗದಲ್ಲಿ ಆ ಯುವಕನನ್ನೇ ನಿಲ್ಲಿಸಿ, ಏನು ಕೇಳಿಸಿತೆಂದು ಕೇಳಿ. ಫಿಲೆಮೋನನು ಕೊನೆಗೆ ಏನು ಮಾಡಿದನೆಂದು ಪತ್ರ ಹೇಳುವುದಿಲ್ಲ. ಅದನ್ನು ಓದಿಸಿದ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಆ ಪ್ರಶ್ನೆಯನ್ನು ಬಿಟ್ಟುಹೋಗಿದೆ.